ಮೊದಲ ಆರೋಪಿ: ಗುಂಪಿನ ಅಡ್ಮಿನ್

ಗಂಗಾವತಿ ಕಾಕಾ ಬೆಳಗಿನ 5.40ಕ್ಕೆ ಏಳುತ್ತಾರೆ. ಹಾಸಿಗೆಯಿಂದ ಅವರು ಕೆಳಗಿಳಿಯುವ ಮೊದಲೇ ಅವರ ಫಾರ್ವರ್ಡ್ ನಮ್ಮೆಲ್ಲರ ಮನೆಗಳಲ್ಲಿ ಕೂಗಿರುತ್ತದೆ. ಕಳೆದ ಭಾನುವಾರ ಕೂಗಿದ್ದು ಇದು: “ಎಚ್ಚರಿಕೆ!!! ಬರುವ 1ನೇ ತಾರೀಖಿನಿಂದ ಹೊಸ ಕಾನೂನು. ಪುಸ್ತಕ, ಪತ್ರಿಕೆ, ಹಾಡು ಯಾವುದನ್ನೇ ವಾಟ್ಸಾಪ್‌ನಲ್ಲಿ ಹಂಚಿದರೆ 3 ವರ್ಷ ಜೈಲು, 2 ಲಕ್ಷ ದಂಡ. ಗುಂಪಿನ ಅಡ್ಮಿನ್ ಮೊದಲ ಆರೋಪಿ. ತಡಮಾಡದೆ ಹತ್ತು ಗುಂಪುಗಳಿಗೆ ಕಳಿಸಿ.”

5.46ಕ್ಕೆ, ಅದರ ಬೆನ್ನಿಗೇ, ಎಂದಿನಂತೆ ಅದೇ ಕಾಕಾ ಅಂದಿನ ದಿನಪತ್ರಿಕೆಯ ಪಿಡಿಎಫ್ ಹಾಕಿದರು. ಹನ್ನೆರಡು ಪುಟ.

ಅಡ್ಮಿನ್ ನಾನು. ಮದುವೆಯೊಂದರ ಊಟದ ಸಾಲಿನಲ್ಲಿ ಗುಂಪು ಹುಟ್ಟಿದಾಗ ಚಾರ್ಜ್ ಉಳಿದಿದ್ದುದು ನನ್ನ ಮೊಬೈಲಿನಲ್ಲಿ ಮಾತ್ರ, ಅರ್ಹತೆ ಅಷ್ಟೇ. ನಮ್ಮ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಊರೇ ಹೆಸರು. ಗಂಗಾವತಿ ಕಾಕಾ, ಸಿಂಧನೂರು ಅಕ್ಕ, ಕುಷ್ಟಗಿ ಅತ್ತೆ, ಪುಣೆ ಅಣ್ಣ. ಕೊಪ್ಪಳದ ಮೂಲಮನೆಯಲ್ಲಿಯೇ ಉಳಿದಿರುವ ದೊಡ್ಡಪ್ಪನಿಗೆ ಮಾತ್ರ ಊರಿನ ಅಗತ್ಯವಿಲ್ಲ. ನನ್ನ ಮೊಬೈಲಿನಲ್ಲಿಯೂ ಎಲ್ಲರೂ ಹಾಗೆಯೇ ಇದ್ದಾರೆ.

ಮೊದಲು ಎದ್ದು ಬಂದವಳು ಸಿಂಧನೂರು ಅಕ್ಕ. ಕಾಲೇಜೊಂದರ ಗ್ರಂಥಪಾಲಕಿ. ಯಾವ ಸಂದೇಶ ಬಂದರೂ ಅವಳದು ಒಂದೇ ಪ್ರಶ್ನೆ.

“ಕಾಕಾ, ಇದರ ಮೂಲ ಯಾವುದು?”

“ನಂಬಿಕೆಯ ಗುಂಪಿನಿಂದ ಬಂದಿದೆ.”

“ಯಾವ ಗುಂಪು?”

“ಅಕ್ಕಿ ಗಿರಣಿ ಮಾಲೀಕರ ಗುಂಪು.”

ಆಮೇಲೆ ಅಕ್ಕ ಒಂದು ಉದ್ದನೆಯ ಸಂದೇಶ ಬರೆದಳು. ‘ಇನ್ನಷ್ಟು ಓದಿ’ ಎಂಬುದನ್ನು ಒತ್ತಿದವಳು ಬಹುಶಃ ನಾನೊಬ್ಬಳೇ, ಅದೂ ಜೈಲಿನ ಹೆದರಿಕೆಯಿಂದ. ಅವಳು ಬರೆದದ್ದರ ಸಾರ: ಹೊಸ ಕಾನೂನು ಎಂಬುದು ಸುಳ್ಳು, ಅಂಕಿಗಳು ನಿಜ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಎಂದು ಎಷ್ಟೋ ವರ್ಷಗಳಿಂದ ಇದೆ. ಆದರೆ ಉಲ್ಲಂಘನೆ ಗೊತ್ತಿದ್ದೂ ಮಾಡಿದ್ದಾಗಿರಬೇಕು. ವ್ಯಾಪಾರದ ಲಾಭಕ್ಕಾಗಿ ಅಲ್ಲದಿದ್ದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ಇಳಿಸಬಹುದು. ಇ-ಪತ್ರಿಕೆಯ ಪಿಡಿಎಫ್ ಹಂಚುವ ಟೆಲಿಗ್ರಾಂ ಚಾನೆಲ್‌ಗಳನ್ನು ತೆಗೆಯಬೇಕೆಂದು 2020ರಲ್ಲಿ ದೆಹಲಿ ಹೈಕೋರ್ಟ್ ಆದೇಶಿಸಿದ್ದೂ ನಿಜ. ಇನ್ನು ಅಡ್ಮಿನ್: ಸದಸ್ಯನೊಬ್ಬ ಹಾಕಿದ ಸಂದೇಶಕ್ಕೆ, ಅದರಲ್ಲಿ ತಾನೂ ಕೈಜೋಡಿಸಿರದಿದ್ದರೆ, ಅಡ್ಮಿನ್ ಅಪರಾಧಿಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 2021ರಲ್ಲಿ ಬೇರೊಂದು ಪ್ರಕರಣದಲ್ಲಿ ಹೇಳಿದೆ.

ಈ ಕೊನೆಯ ವಾಕ್ಯವನ್ನು ನಾನು ಎರಡು ಸಲ ಓದಿಕೊಂಡೆ.

ಕಾಕಾ ಉತ್ತರಿಸಿದರು: “ನೋಡಿ, ಅಂಕಿ ನಿಜ ಎಂದು ಅವಳೇ ಒಪ್ಪಿಕೊಂಡಿದ್ದಾಳೆ.”

7.15ಕ್ಕೆ ಪೂಜೆ ಮುಗಿಸಿಕೊಂಡು ದೊಡ್ಡಪ್ಪ ಬಂದರು. ಇತಿಹಾಸದ ನಿವೃತ್ತ ಮಾಸ್ತರರು. ಅವರು ಬರೆಯುವಾಗ ಗುಂಪಿನಲ್ಲಿ ಬೇರೆಯವರು ಎದ್ದು ನಿಂತಂತೆ ಸುಮ್ಮನಿರುತ್ತಾರೆ. “ವಿದ್ಯೆಗೆ ಬೆಲೆ ಕಟ್ಟುವ ಕಾಲ ಬಂತಲ್ಲ! ಗವಿಮಠದ ದಾಸೋಹದಲ್ಲಿ ಉಂಡವರಿಗೆ ಯಾರಾದರೂ ರಸೀದಿ ಕೇಳಿದ್ದಾರೆಯೇ? ಜ್ಞಾನವೂ ದಾಸೋಹ. ಹಸಿದವನು ಬಂದರೆ ಬಡಿಸಬೇಕು.” ಕೈಮುಗಿದ ಚಿತ್ರಗಳು ಇಪ್ಪತ್ತೊಂದು ಬಂದವು.

ಅಕ್ಕ ಬಿಡುವವಳಲ್ಲ. “ದೊಡ್ಡಪ್ಪ, ಜಾತ್ರೆಗೆ ಹಳ್ಳಿಹಳ್ಳಿಯಿಂದ ಗಾಡಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬರುತ್ತದೆ. ಅದು ಅವರು ತಾವಾಗಿಯೇ ತಟ್ಟಿ ತಂದ ರೊಟ್ಟಿ. ಯಾರದೋ ಅಡುಗೆಮನೆಗೆ ನುಗ್ಗಿ ಬುಟ್ಟಿ ಎತ್ತಿಕೊಂಡು ಬಂದು ದಾಸೋಹ ಎಂದರೆ ಮಠದವರು ಒಪ್ಪುತ್ತಾರೆಯೇ?”

ಕೈಮುಗಿದ ಇಪ್ಪತ್ತೊಂದು ಜನರಲ್ಲಿ ಏಳು ಜನ ಇದಕ್ಕೂ ಕೈಮುಗಿದರು.

ನನ್ನದೇ ವಿಷಯ ಹೇಳುವುದಾದರೆ, ನನ್ನ ಮೊಬೈಲಿನಲ್ಲಿ ಮುನ್ನೂರು ಪುಸ್ತಕಗಳ ಪಿಡಿಎಫ್ ಇವೆ, ಓದಿದ್ದು ನಾಲ್ಕು. ಯಾವ ಅಂಗಡಿಯಲ್ಲಿಯೂ ಸಿಗದ, ಮರುಮುದ್ರಣವನ್ನೇ ಕಾಣದ ಹಳೆಯ ಪುಸ್ತಕವನ್ನು ಹಾಗೆ ಇಟ್ಟುಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ. ಕಳೆದ ತಿಂಗಳು ಬಿಡುಗಡೆಯಾದ, ಮುದ್ರಣದ ಬಾಕಿಯನ್ನು ಲೇಖಕ ಇನ್ನೂ ತೀರಿಸುತ್ತಿರುವ ಪುಸ್ತಕ ಬಂದಾಗ ಮಾತ್ರ ಸ್ವಲ್ಪ ಇರುಸುಮುರುಸಾಗುತ್ತದೆ. ಆದರೂ ಅಳಿಸಿಲ್ಲ.

ದೊಡ್ಡಪ್ಪ ಸೋಲುವಂತೆ ಕಂಡಾಗಲೆಲ್ಲ ಅಶೋಕನನ್ನು ಕರೆಯುತ್ತಾರೆ. “ನಮ್ಮ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಇರುವುದು ಒಂದೇ ಒಕ್ಕಣೆ. ಎರಡು ಸಾವಿರ ವರ್ಷಗಳಾಚೆ ಚಕ್ರವರ್ತಿಯೇ ತನ್ನ ಮಾತನ್ನು ನಕಲು ಮಾಡಿಸಿ ಊರೂರಿಗೆ ಹಂಚಿದ. ಹಕ್ಕು ಕಾಯ್ದಿರಿಸಿದೆ ಎಂದು ಕೊನೆಯಲ್ಲಿ ಕೆತ್ತಿಸಲಿಲ್ಲ.”

ಅಕ್ಕ: “ಕೆತ್ತಿಸಲಿಲ್ಲ, ಸರಿ. ಹೆಸರನ್ನಾದರೂ ಕೆತ್ತಿಸಿದ್ದು ಒಳ್ಳೆಯದಾಯಿತು. ಬೇರೆ ಕಡೆಗಳಲ್ಲಿ ಬರೀ ದೇವಾನಾಂಪ್ರಿಯ ಎಂದಿದ್ದರಿಂದ ವಿದ್ವಾಂಸರು ಗ್ರಂಥಗಳನ್ನು ತಾಳೆ ನೋಡಿ ಊಹಿಸಬೇಕಾಗಿತ್ತು. 1915ರಲ್ಲಿ ಮಸ್ಕಿಯ ಬಂಡೆ ಸಿಕ್ಕಿ ಅದರಲ್ಲಿ ಅಶೋಕ ಎಂದು ಓದಿದ ಮೇಲೆಯೇ ಅದು ಗಟ್ಟಿಯಾದದ್ದು. ಇದನ್ನು ನನಗೆ ಕಲಿಸಿದವರು ನೀವೇ. ಬ್ರಹ್ಮಗಿರಿಯಲ್ಲಿ ಬರೆದುಕೊಟ್ಟ ಲಿಪಿಕಾರ ಚಪಡ ಸಹ ತನ್ನ ಹೆಸರು ಹಾಕಿಕೊಂಡಿದ್ದಾನೆ ಎಂದು ಹೇಳಿದ್ದಿರಿ.”

ಆಗ ಗುಂಪಿಗೆ ಸೇರಿದಂದಿನಿಂದ ಹುಟ್ಟುಹಬ್ಬದ ಹಾರೈಕೆ ಬಿಟ್ಟು ಬೇರೇನೂ ಬರೆಯದ ಕುಷ್ಟಗಿ ಅತ್ತೆ ಬರೆದರು: “ಕಲ್ಲಿಗೆ ಬರೆದುಕೊಟ್ಟವನಿಗೂ ಹೆಸರು ಇದೆ. ನನ್ನ ಹಾಡಿಗೆ ಇಲ್ಲ.”

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಒಬ್ಬರೆಂದರೆ ಕಾಕಾ. ಅವರು ತಕ್ಷಣ ಒಂದು ಶುಭೋದಯದ ಹೂವು ಹಾಕಿದರು.

ವಿಷಯ ಇಷ್ಟು. ಅತ್ತೆಯ ಬಳಿ ಹಾಡುಗಳ ಒಂದು ನೋಟ್‌ಬುಕ್ ಇದೆ. ಕೆಲವು ಅವರ ಅವ್ವನಿಂದ ಬಂದ ಸೋಬಾನೆ, ಕೆಲವು ಅವರೇ ಕಟ್ಟಿದ್ದು. ಕಳೆದ ದೀಪಾವಳಿಗೆ ಬಂದಿದ್ದ ಕಾಕಾನ ಸೊಸೆ ಪುಟಗಳ ಫೋಟೋ ತೆಗೆದುಕೊಂಡು ಹೋದಳು. ಬೆಂಗಳೂರಿನಲ್ಲಿ ಚೆನ್ನಾಗಿಯೇ ಹಾಡಿ ಯೂಟ್ಯೂಬಿಗೆ ಹಾಕಿದಳು. ಕೆಳಗೆ ಬರೆದಳು: “ಉತ್ತರ ಕರ್ನಾಟಕದ ಪ್ರಾಚೀನ ಜನಪದ ತೊಟ್ಟಿಲ ಹಾಡು.” ಸಂಗ್ರಹ ಮತ್ತು ಗಾಯನ ಎಂಬಲ್ಲಿ ಅವಳದೇ ಹೆಸರು. ಆ ಹಾಡನ್ನು ಅತ್ತೆ ಕಟ್ಟಿದ್ದು ನನ್ನ ನಾಮಕರಣಕ್ಕೆ. ನನಗೀಗ 38. ಪ್ರಾಚೀನ ಎಂಬ ಮಾತು ಅತ್ತೆಗಿಂತ ನನಗೇ ಹೆಚ್ಚು ತಾಗಿತು.

ಕಾಕಾ ಹೂವಿನ ಹಿಂದೆ ಬಹಳ ಹೊತ್ತು ಅಡಗಲಾಗಲಿಲ್ಲ. “ಅಕ್ಕಾ, ಜನಪದಕ್ಕೆ ಯಾರ ಹಕ್ಕು? ಮನೆಯ ಹಾಡು, ಮನೆಯ ಸೊಸೆ ಹಾಡಿದ್ದಾಳೆ. ಒಂದು ರೂಪಾಯಿ ಸಹ ಬಂದಿಲ್ಲ.”

ಸಿಂಧನೂರು ಅಕ್ಕ ಮತ್ತೆ ಕಾಯ್ದೆ ತೆರೆದಳು. ಧಾಟಿ ಹಳೆಯದಿರಬಹುದು, ಸಾಲುಗಳು ಅತ್ತೆಯವು. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಅತ್ತೆಯ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ಅದು ಇರುತ್ತದೆ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯುವುದಿದ್ದಾಗ ಹತ್ತು ವರ್ಷ ಹೆಚ್ಚಿಸಿದರು.

ಅತ್ತೆ: “ಸತ್ತ ಮೇಲಿನ 60 ವರ್ಷ ನನಗೇಕೆ? ಬದುಕಿರುವಾಗ ಹೆಸರು ಹಾಕಿಸಿರಿ.”

ಅಕ್ಕ: “ಅದಕ್ಕೆ 57ನೇ ಸೆಕ್ಷನ್ ಇದೆ, ಅತ್ತೆ. ಹಕ್ಕು ಮಾರಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಅಧಿಕಾರ ಬರೆದವರದೇ. ಮತ್ತು ಹಕ್ಕನ್ನು ಬೇರೆಯವರಿಗೆ ವಹಿಸಬೇಕಾದರೆ ಬರಹದಲ್ಲಿರಬೇಕು, ಸಹಿ ಇರಬೇಕು.”

ಇದನ್ನು ಅವಳು ಬರೆಯಬಾರದಿತ್ತು. ಅತ್ತೆಯ ಉತ್ತರ ಒಂದೇ ನಿಮಿಷದಲ್ಲಿ ಬಂತು.

“ಅಪ್ಪನ ಹೊಲದ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ್ದು ನೆನಪಿದೆ. ಅಂದು ಉಪನೋಂದಣಿ ಕಚೇರಿಯ ಮುಂದೆ ನನಗೆ ಒಂದು ಕಬ್ಬಿನ ಹಾಲು ಕುಡಿಸಿದಿರಿ. ಹಾಡಿಗೆ ಸಹಿ ಮಾಡಿದ ನೆನಪಿಲ್ಲ.”

ಗುಂಪಿನ ನೆತ್ತಿಯ ಮೇಲೆ ‘ಟೈಪಿಂಗ್’ ಎಂದು ಕಾಣಿಸಿತು, ಮಾಯವಾಯಿತು, ಮತ್ತೆ ಕಾಣಿಸಿತು. ದೊಡ್ಡಪ್ಪನದೊಮ್ಮೆ, ಕಾಕಾನದೊಮ್ಮೆ. ಸಂದೇಶ ಮಾತ್ರ ಬರಲಿಲ್ಲ.

ಇಂಥ ಹೊತ್ತಿಗೆಂದೇ ದೇವರು ಪುಣೆ ಅಣ್ಣನನ್ನು ಇಟ್ಟಿದ್ದಾನೆ. “ಜವಾಹರ ರಸ್ತೆಯಲ್ಲಿದ್ದ ಕ್ಯಾಸೆಟ್ ಅಂಗಡಿ ಯಾರಿಗೆ ನೆನಪಿದೆ? ಹಾಳೆಯ ಮೇಲೆ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಎರಡು ದಿನದಲ್ಲಿ ತುಂಬಿಸಿಕೊಡುತ್ತಿದ್ದ. ಜಾಗ ಉಳಿದರೆ ತನಗಿಷ್ಟವಾದ ಒಂದು ಭಕ್ತಿಗೀತೆ ಸೇರಿಸುತ್ತಿದ್ದ. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ತಿರುಗಿಸುತ್ತಿದ್ದೆವು. ಪಕ್ಕದಲ್ಲಿ ಮಿರ್ಚಿ, ಮಂಡಕ್ಕಿ. ಆಹಾ, ಆ ಕಾಲ!”

ಎಲ್ಲರೂ ಆ ಮಿರ್ಚಿಗೆ ಮುಗಿಬಿದ್ದರು. ಖಾರದ ಬಗ್ಗೆ, ಎಣ್ಣೆಯ ಬಗ್ಗೆ, ಅಂಗಡಿಯವನ ಮಗ ಈಗ ಏನು ಮಾಡುತ್ತಿದ್ದಾನೆ ಎಂಬುದರ ಬಗ್ಗೆ ನಲವತ್ತು ಸಂದೇಶ. ಆ ಅಂಗಡಿಯವನು ಮಾಡುತ್ತಿದ್ದುದೂ 63ನೇ ಸೆಕ್ಷನ್ನಿನ ಕೆಲಸವೇ, ಅದೂ ದುಡ್ಡು ತೆಗೆದುಕೊಂಡು, ಎಂದು ಅಕ್ಕ ಬರೆದಳು. ಅವಳಿಗೆ ಯಾರೂ ಉತ್ತರಿಸಲಿಲ್ಲ. ವಿಶ್ವವಿದ್ಯಾಲಯದ ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿಕೊಟ್ಟ ಅಂಗಡಿಯ ಪರವಾಗಿ 2016ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿದೆ, ಹಂಚಿಕೆಯೆಲ್ಲ ಕಳ್ಳತನವಲ್ಲ ಎಂದೂ ಸೇರಿಸಿದಳು. ಅದಕ್ಕೂ ಇಲ್ಲ. ಪಾಪ, ಅಷ್ಟು ಹೊತ್ತಿಗೆ ಅವಳು ಎರಡೂ ಕಡೆಯ ವಕೀಲಳಾಗಿದ್ದಳು.

ಮಧ್ಯಾಹ್ನ ಅತ್ತೆ ಒಂದು ಫೋಟೋ ಹಾಕಿದರು. ಕೊಪ್ಪಳದ ಶಾಸನಗಳ ಬಗ್ಗೆ ದೊಡ್ಡಪ್ಪ ಸ್ವಂತ ಖರ್ಚಿನಲ್ಲಿ ಮಾಡಿಸಿದ್ದ ಕಿರುಪುಸ್ತಕದ ಒಳಪುಟ. “ಹಕ್ಕುಗಳು: ಲೇಖಕರವು. ಅನುಮತಿಯಿಲ್ಲದೆ ಯಾವುದೇ ಭಾಗವನ್ನು ಬಳಸಕೂಡದು.”

“ಅದು ಮುದ್ರಕರು ಹಾಕಿದ್ದು” ಎಂದರು ದೊಡ್ಡಪ್ಪ. ಹತ್ತು ನಿಮಿಷ ಬಿಟ್ಟು: “ದಾಸೋಹದಲ್ಲಿಯೂ ಕೊಟ್ಟವರ ಹೆಸರನ್ನು ಓದಿ ಹೇಳುವ ರೂಢಿ ಇದೆ.” ಅವರಿಂದ ಬಂದ ರಾಜೀನಾಮೆ ಅಷ್ಟೇ, ಅದಕ್ಕಿಂತ ಹೆಚ್ಚು ಈ ಜನ್ಮದಲ್ಲಿ ಬಾರದು. ಹೊಲದ ಮಾತನ್ನು ಮಾತ್ರ ಅವರೂ ಮುಟ್ಟಲಿಲ್ಲ.

ಸಂಜೆಗೆ ಅಕ್ಕಿ ಗಿರಣಿ ಮಾಲೀಕರ ಗುಂಪನ್ನು ಸುತ್ತಿಕೊಂಡು ಅಕ್ಕನ ಬೆಳಗಿನ ಸಂದೇಶವೇ ನಮ್ಮಲ್ಲಿಗೆ ಮರಳಿತು. ಅವಳ ಹೆಸರು ಹೋಗಿ, ‘ಹೈಕೋರ್ಟ್ ವಕೀಲರೊಬ್ಬರ ಬರಹ’ ಎಂದಾಗಿತ್ತು. “ಇಂಥ ಮಾಹಿತಿ ಬೇಕು” ಎಂದು ಕಾಕಾ ಮೆಚ್ಚಿದ್ದರು.

ರಾತ್ರಿ ಒಂಬತ್ತಕ್ಕೆ ಬೆಂಗಳೂರಿನ ಸೊಸೆ, ಯಾರು ಫೋನು ಮಾಡಿ ಹೇಳಿದರೋ, ಯೂಟ್ಯೂಬಿನ ಕೊಂಡಿಯನ್ನು ಗುಂಪಿಗೆ ಹಾಕಿದಳು. ತಪ್ಪಾಯಿತು, ತಿದ್ದಿದ್ದೇನೆ ಎಂದಳು. ಪ್ರಾಚೀನ ಹೋಗಿತ್ತು, ಜನಪದವೂ ಹೋಗಿತ್ತು. “ರಚನೆ: ನಮ್ಮ ಪ್ರೀತಿಯ ಕುಷ್ಟಗಿ ಅತ್ತೆ” ಎಂದಿತ್ತು. ನಾನು ನಿಟ್ಟುಸಿರು ಬಿಟ್ಟು ಮೊಬೈಲ್ ಕೆಳಗಿಡುವುದರೊಳಗೆ ಅತ್ತೆಯ ಸಂದೇಶ ಬಂತು.

“ಕುಷ್ಟಗಿಯಲ್ಲಿ ಓಣಿಗೆ ಹತ್ತು ಅತ್ತೆಯರಿದ್ದಾರೆ. ನನಗೊಂದು ಹೆಸರಿದೆ. ಮರೆತಿದ್ದರೆ ನಿನ್ನ ಮಾವನನ್ನು ಕೇಳು. ಹೊಲದ ಪತ್ರದಲ್ಲಿ ಒಂದು ಅಕ್ಷರವೂ ತಪ್ಪಿಲ್ಲದೆ ಬರೆಸಿದ್ದಾನೆ.”