ಅಡಿಕೆ ಡ್ರೈಯರ್‌ನ ಸ್ಟೀಲ್ ಪೈಪಿಗೆ ಮಸಿ ಕಟ್ಟದಂತೆ ಏನು ಮಾಡಬೇಕು?

ಪ್ರಶ್ನೆ: ಸರ್, ನಮ್ಮದು ಮಲೆನಾಡು. ಮಳೆ ಬಿಡುವ ಮುಂಚಿನ ಕೊಯ್ಲಿಗೆಂದು ಸೌದೆ ಡ್ರೈಯರ್ ಮಾಡಿಸಿದ್ದೇವೆ. ಹೊಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪೈಪಿನ ಒಳಗೆ ಹೋಗುತ್ತದೆ, ಹೊರಗಿನ ಗಾಳಿ ಕಾದು ಅಡಿಕೆಗೆ ಬರುತ್ತದೆ. ಹದಿನೈದೇ ದಿನಕ್ಕೆ ಮಸಿ ದಪ್ಪಗೆ ಕಟ್ಟಿ, ಬಿಸಿಯೇ ಬರುವುದಿಲ್ಲ. ತಂತಿ ಬ್ರಷ್‌ನಲ್ಲಿ ಕೆರೆದು ಕೆರೆದು ಈಗ ತುಕ್ಕಿನ ಚುಕ್ಕೆ ಬೇರೆ. 316 ಸ್ಟೀಲ್ ಆದರೆ ಮಸಿ ಹಿಡಿಯುವುದಿಲ್ಲ ಎನ್ನುತ್ತಾರೆ, ಹೌದಾ?

ಉತ್ತರ (ಬಾಯ್ಲರ್ ಎಂಜಿನಿಯರ್): ಅಲ್ಲ. 316ಕ್ಕೆ ದುಡ್ಡು ಸುರಿಯಬೇಡಿ. ಅದರಲ್ಲಿರುವ ಮಾಲಿಬ್ಡಿನಮ್ ಎಂಬ ಲೋಹ ಉಪ್ಪಿನ ತುಕ್ಕಿಗೆ ತಡೆ, ಮಸಿಗಲ್ಲ. ಮಸಿ ಹುಟ್ಟುವುದು ಒಲೆಯಲ್ಲಿ.

ಒಲೆ ಬಾಯಿಯ ಹತ್ತಿರ ಒಂದು ಚಿಟಿಕೆ, ಚಿಮಣಿ ಹತ್ತಿರ ಒಂದು ಚಿಟಿಕೆ ಕೆರೆದು ಬೆರಳಲ್ಲಿ ಉಜ್ಜಿ ನೋಡಿ. ಇಲ್ಲಣದ ಹಾಗೆ ಪುಡಿಯಾದರೆ ಉರಿಗೆ ಗಾಳಿ ಸಾಲುತ್ತಿಲ್ಲ. ಹೊಳೆಯುತ್ತಾ ಜಿಗುಟಾಗಿದ್ದರೆ ಅದು ಟಾರು. ಹಸಿ ಸೌದೆಯ ಹೊಗೆ ಸುಮಾರು 120 ಡಿಗ್ರಿಗಿಂತ ಕೆಳಗೆ ತಣಿದಾಗ ಪೈಪಿಗೆ ಹೀಗೆ ಅಂಟುತ್ತದೆ. ಆಮೇಲೆ ಬಂದ ಮಸಿಯೆಲ್ಲ ಅದರ ಮೇಲೆ ಕೂರುತ್ತದೆ.

ರಾತ್ರಿ ದೊಡ್ಡ ಮರದ ಕುಂಟೆ ತುರುಕಿ, ಗಾಳಿ ಬಾಗಿಲು ಮುಚ್ಚಿ ಮಲಗುತ್ತೀರಿ ಅಲ್ವಾ? ಅರ್ಧ ತೊಂದರೆ ಅಲ್ಲೇ ಇದೆ. ಬೆಳಗಿನವರೆಗೆ ಅದು ಉರಿಯುವುದಿಲ್ಲ, ಸುಮ್ನೆ ಹೊಗೆಯಾಡುತ್ತದೆ. ಸಣ್ಣ ಸೀಳು, ಆಗಾಗ ಸ್ವಲ್ಪ ಸ್ವಲ್ಪ ಹಾಕಿ. ಸೌದೆ ಒಂದು ಬೇಸಿಗೆಯಾದರೂ ಒಣಗಿರಲಿ, ತೇವ 20 ಶೇಕಡಾ ಒಳಗೆ. ಉರಿಯ ಮೇಲ್ಭಾಗಕ್ಕೆ ಗಾಳಿ ಬರಲು ಬಾಗಿಲಲ್ಲಿ ಎರಡು ಮೂರು ತೂತು ಬೇಕು. ಹೊಗೆಯಲ್ಲಿರುವ ಅನಿಲ ಉರಿಯುವುದು ಅಲ್ಲಿ. ಹೊಗೆ ತಣಿಯದಂತೆ ಚಿಮಣಿಗೆ ರಾಕ್‌ವೂಲ್ (ಬಿಸಿ ಹಿಡಿದಿಡುವ ಕಲ್ಲಿನ ಉಣ್ಣೆ) ಸುತ್ತಿಸಿ.

ಕಬ್ಬಿಣದ ತಂತಿ ಬ್ರಷ್ ಇವತ್ತೇ ಬಿಸಾಡಿ. ನಿಮ್ಮ ಚುಕ್ಕೆಗಳು ಹೆಚ್ಚಿನಂಶ ಸ್ಟೀಲಿನವಲ್ಲ, ಬ್ರಷ್ ಬಿಟ್ಟುಹೋದ ಕಬ್ಬಿಣದ ಚೂರು ತುಕ್ಕು ಹಿಡಿದಿರುವುದು. ನೈಲಾನ್ ಅಥವಾ ಸ್ಟೇನ್‌ಲೆಸ್ ಬ್ರಷ್ ತನ್ನಿ. ಪೈಪು ಪೂರ್ತಿ ತಣಿದ ಮೇಲೆ ವಾರಕ್ಕೊಮ್ಮೆ ಎಳೆದರೆ ಸಾಕು. ಟಾರಿಗೆ ಬಿಸಿನೀರು, ವಾಷಿಂಗ್ ಸೋಡಾ, ತೊಳೆದು ಒಣಗಿಸಿ. ಜೋರು ಉರಿ ಹಾಕಿ ಸುಟ್ಟು ತೆಗೆಯಲು ಹೋಗಬೇಡಿ, ಚಿಮಣಿಯೇ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ (ಇನ್ನೊಬ್ಬರು): ಬೆಂಕಿಗೆ ಒಂದು ಹಿಡಿ ಉಪ್ಪು ಹಾಕಿದರೆ ಮಸಿ ಉದುರುತ್ತದೆ ಎಂದು ನಮ್ಮಜ್ಜ ಹೇಳುತ್ತಿದ್ದರು.

ಉತ್ತರ: ಅಜ್ಜನ ಚಿಮಣಿ ಇಟ್ಟಿಗೆಯದಿರಬೇಕು! ಸ್ಟೇನ್‌ಲೆಸ್‌ಗೆ ಉಪ್ಪಿನ ಕ್ಲೋರೈಡ್ ಆಗುವುದೇ ಇಲ್ಲ. ಮಳೆಗಾಲದ ತೇವ ಸೇರಿದರೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ತೆಂಗಿನ ಸಿಪ್ಪೆಯಲ್ಲೂ ಕ್ಲೋರೈಡ್ ಇದೆ, ಕಡಿಮೆ ಹಾಕಿ. ಪಿವಿಸಿ ಪೈಪಿನ ತುಂಡಂತೂ ಒಲೆಯ ಹತ್ತಿರವೂ ಬೇಡ.