ನಮ್ಮ ಬೀದಿಯ ಕಸ ಯಾಕೆ ವಾಪಸ್ ಬಂತು: ಎಲ್ಲರೂ ಓದಿ, ಭಾನುವಾರ ಸೇರೋಣ

ಮನೆ 14
ಎಲ್ಲರಿಗೂ ನಮಸ್ಕಾರ. ಮೂಲೆಯ ಕಸದ ರಾಶಿ ಮೂರು ದಿನದಿಂದ ಹಾಗೇ ಇದೆ. ಗಾಡಿಯವರನ್ನು ಕೇಳಿದೆ. "ನಿಮ್ಮ ಕಸ ತುಂಬಾ ಒದ್ದೆ, ಘಟಕದವರು ವಾಪಸ್ ಕಳಿಸಿದರು" ಎಂದರು. ಕಸದಿಂದ ಕರೆಂಟ್ ಮಾಡುವ ಘಟಕ ಅದು. ನಿನ್ನೆ ನಾವು ನಾಲ್ಕು ಜನ ಹೋಗಿ ನೋಡಿ ಬಂದೆವು. ಕಂಡಿದ್ದನ್ನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಗಾಡಿಗಳು ಕಸ ಸುರಿಯುವುದು ಒಂದು ದೊಡ್ಡ ಕಾಂಕ್ರೀಟ್ ಗುಂಡಿಗೆ. ಮೇಲೆ ಗಾಜಿನ ಹಿಂದೆ ಕೂತ ಕ್ರೇನ್ ಆಪರೇಟರ್ ಕಬ್ಬಿಣದ ಪಂಜದಿಂದ ಕಸ ಎತ್ತುತ್ತಾರೆ, ಕೆಡವುತ್ತಾರೆ, ಮತ್ತೆ ಎತ್ತುತ್ತಾರೆ. ಒಣ ಕಸ, ಹಸಿ ಕಸ ಬೆರೆತು ಹದಕ್ಕೆ ಬಂದರೆ ಮಾತ್ರ ಬೆಂಕಿ ಸಮನಾಗಿ ಉರಿಯುತ್ತದೆ. ನಾವು ನೋಡುತ್ತಿದ್ದಾಗಲೇ ಪಂಜ ಮೇಲೆ ಬಂತು. ಅದರ ಬೆರಳುಗಳ ಸಂದಿಯಿಂದ ಕಪ್ಪು ನೀರು ಧಾರೆಯಾಗಿ ಇಳಿಯಿತು. ಪಂಜದಿಂದ ಜೋತಾಡುತ್ತಿದ್ದ ಹಾಸಿಗೆಯೊಂದು ನೀರು ಕುಡಿದು ಉಬ್ಬಿತ್ತು. ಆಪರೇಟರ್ ಹೇಳಿದ್ದು ಒಂದೇ ಮಾತು: "ಇದನ್ನು ಈಗ ಒಲೆಗೆ ಹಾಕುವ ಹಾಗಿಲ್ಲ."

ಕಸವನ್ನು ಕೆಲವು ದಿನ ಗುಂಡಿಯಲ್ಲೇ ಬಿಟ್ಟು ನೀರು ಬಸಿಯುತ್ತಾರೆ. ಆಮೇಲೆ ಅದು ಒಲೆಗೆ ಹೋಗುತ್ತದೆ. ಒಲೆಯ ತಳದಲ್ಲಿ ಮೆಲ್ಲಗೆ ಸರಿಯುವ ಕಬ್ಬಿಣದ ಜಾಲರಿ ಇದೆ. ಕಸ ಮೊದಲು ಒಣಗುತ್ತದೆ, ನಡುವೆ ಉರಿಯುತ್ತದೆ, ಕೊನೆಗೆ ಬೂದಿಯಾಗಿ ಬೀಳುತ್ತದೆ. ಒಲೆಯ ಬಿಸಿ ಗಾಳಿ ಬಾಯ್ಲರಿನ ಕೊಳವೆಗಳಲ್ಲಿರುವ ನೀರನ್ನು ಹಬೆ ಮಾಡುತ್ತದೆ. ಆ ಹಬೆ ಸುಮಾರು 400 ಡಿಗ್ರಿ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ ಟರ್ಬೈನ್ ತಿರುಗಿಸುತ್ತದೆ. ಟರ್ಬೈನ್ ಜನರೇಟರನ್ನು ತಿರುಗಿಸುತ್ತದೆ. ಚೆನ್ನಾಗಿ ಉರಿಯುವ ಕಸ ಒಂದು ಟನ್ ಇದ್ದರೆ ಸುಮಾರು 500ರಿಂದ 600 ಯೂನಿಟ್ ಸಿಗುತ್ತದೆ.

ಮನೆ 3
ಒಳ್ಳೆಯದಾಯಿತು ಹೋಗಿ ಬಂದಿದ್ದು. ಆದರೆ ಒದ್ದೆ ಇದ್ದರೆ ಏನಾಯಿತು, ಅಷ್ಟು ದೊಡ್ಡ ಬೆಂಕಿಯಲ್ಲಿ ಎಲ್ಲವೂ ಸುಟ್ಟುಹೋಗುವುದಿಲ್ಲವಾ?

ಮನೆ 14
ಅಲ್ಲೇ ಇರುವುದು ತೊಂದರೆ. ಅಡುಗೆ ಮನೆಯ ಹಸಿ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು. ಆ ಶಾಖ ಕರೆಂಟಿಗೆ ಸಿಗುವುದಿಲ್ಲ. ಇನ್ನೂ ದೊಡ್ಡ ವಿಷಯ, ಹೊಗೆ 850 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕನಿಷ್ಠ 2 ಸೆಕೆಂಡ್ ಇರಬೇಕು. ಆಗ ಮಾತ್ರ ಡಯಾಕ್ಸಿನ್‌ನಂಥ ವಿಷಗಳು ಒಡೆದುಹೋಗುತ್ತವೆ. ಒದ್ದೆ ಕಸದಿಂದ ಬಿಸಿ ಇಳಿದರೆ ಎಣ್ಣೆ ಅಥವಾ ಗ್ಯಾಸಿನ ಬರ್ನರ್ ಹಚ್ಚಬೇಕಾಗುತ್ತದೆ. ಕಸ ಸುಡಲು ಎಣ್ಣೆ ಸುಡುವುದು ಅಂದರೆ ಏನು ಹೇಳಿ?

ಮನೆ 27
ನಾನು ಬಾಯ್ಲರ್ ಕೆಲಸದಲ್ಲಿ ಇದ್ದವನು. ಹೇಳಿದ್ದು ಸರಿ ಇದೆ. ಒಂದು ಮಾತು ಸೇರಿಸುತ್ತೇನೆ. ಪಿವಿಸಿ ಪೈಪಿನ ತುಂಡು ಉರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಬರುತ್ತದೆ. ಅದು ಬಾಯ್ಲರಿನ ಕೊಳವೆಗಳನ್ನು ತಿನ್ನುತ್ತದೆ. ಬ್ಯಾಟರಿ ಹಾಕಿದರೆ ಅದರೊಳಗಿನ ವಿಷದ ಲೋಹಗಳು ಹೊಗೆಗೋ ಬೂದಿಗೋ ಸೇರುತ್ತವೆ. ನಮ್ಮ ಡಬ್ಬಿಯಲ್ಲಿ ಇದೆಲ್ಲ ಇರುತ್ತದೆ, ಅಲ್ವಾ?

ಮನೆ 9
ನನಗೆ ನಿಜವಾಗಿ ಭಯ ಇರುವುದು ಹೊಗೆಯ ಬಗ್ಗೆ. ನಮ್ಮ ಮಗುವಿಗೆ ಉಬ್ಬಸ ಇದೆ. ಘಟಕ ಒಳ್ಳೆಯದು ಅಂತ ಸುಮ್ನೆ ಒಪ್ಪಿಕೊಳ್ಳಲು ನಾನು ತಯಾರಿಲ್ಲ.

ಮನೆ 27
ನಿಮ್ಮ ಭಯ ಸರಿಯಾದದ್ದೇ. ಹೊಗೆಯನ್ನು ನೇರ ಚಿಮಣಿಗೆ ಬಿಡುವುದಿಲ್ಲ. ಸುಣ್ಣ ಸಿಂಪಡಿಸಿ ಆಮ್ಲ ತೆಗೆಯುತ್ತಾರೆ. ಇದ್ದಿಲಿನ ಸಣ್ಣ ಪುಡಿ ಪಾದರಸವನ್ನೂ ಉಳಿದ ಡಯಾಕ್ಸಿನ್ನನ್ನೂ ಹೀರಿಕೊಳ್ಳುತ್ತದೆ. ಕೊನೆಗೆ ಸಾಲು ಸಾಲು ಬಟ್ಟೆ ಚೀಲಗಳ ಫಿಲ್ಟರ್ ಧೂಳು ಹಿಡಿಯುತ್ತದೆ. ಆದರೆ ಇದೆಲ್ಲ ದಿನಾ ಸರಿಯಾಗಿ ನಡೆಯುತ್ತಿದೆಯಾ ಎಂಬುದೇ ಪ್ರಶ್ನೆ. ಚಿಮಣಿಯ ಅಳತೆಗಳನ್ನು ಗೇಟಿನ ಹೊರಗೆ ಬೋರ್ಡಿನಲ್ಲಿ ತೋರಿಸಿ ಎಂದು ನಾವು ಕೇಳಬೇಕು. ಡಯಾಕ್ಸಿನ್ ಅಳೆಯಲು ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು. ಆ ವರದಿಯನ್ನೂ ಕೇಳೋಣ.

ಮನೆ 9
ಪತ್ರ ಬರೆಯುವುದಾದರೆ ಮೊದಲ ಸಹಿ ನನ್ನದು. ಬೂದಿ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ.

ಮನೆ 14
ಅದನ್ನು ಕೇಳಿದೆವು. ತೂಕದಲ್ಲಿ ಕಸದ ನಾಲ್ಕನೇ ಒಂದು ಭಾಗದಷ್ಟು ಜಾಲರಿಯ ಕೆಳಗೆ ಬೂದಿಯಾಗಿ ಉಳಿಯುತ್ತದೆ. ಅದರೊಳಗೆ ಒಂದು ಚಮಚ ಕಂಡೆ. ಕಪ್ಪಾಗಿತ್ತು, ಆದರೆ ಆಕಾರ ಹಾಗೇ ಇತ್ತು. ಕಬ್ಬಿಣವನ್ನು ಆಯಸ್ಕಾಂತದಿಂದ ಆರಿಸುತ್ತಾರೆ. ಫಿಲ್ಟರಿನಲ್ಲಿ ಸಿಗುವ ನುಣ್ಣನೆ ಬೂದಿ ಹೆಚ್ಚು ಅಪಾಯದ್ದು. ಅದನ್ನು ಬೇರೆಯಾಗಿ, ನೀರು ಇಳಿಯದ ಜಾಗದಲ್ಲಿ ಹೂಳಬೇಕು. ಎಲ್ಲಿ ಹೂಳುತ್ತಾರೆ ಎಂದರೆ ಸರಿಯಾದ ಉತ್ತರ ಬರಲಿಲ್ಲ. ಪತ್ರದಲ್ಲಿ ಸೇರಿಸುತ್ತೇನೆ.

ಮನೆ 21
ಮೊನ್ನೆ ನಮ್ಮ ಒಂದು ದಿನದ ಹಸಿ ಕಸ ತೂಗಿದೆ. ಎರಡು ದಿನ ಬಿಸಿಲಿಗೆ ಹರಡಿ ಮತ್ತೆ ತೂಗಿದೆ. ಒಂದು ಕೆಜಿ ಇದ್ದದ್ದು ಮುನ್ನೂರು ಗ್ರಾಮಿಗೆ ಇಳಿದಿತ್ತು. ಇಷ್ಟು ದಿನ ನಾವು ನೀರನ್ನೇ ಗಾಡಿಗೆ ತುಂಬಿ ಕಳಿಸುತ್ತಿದ್ದೆವು. ಹಸಿ ಕಸವನ್ನು ಇಲ್ಲೇ ಗೊಬ್ಬರ ಮಾಡೋಣ. ಮೂಲೆಯಲ್ಲಿ ಜಾಗ ಇದೆ.

ಮನೆ 3
ಕಾಗದ, ಬಾಟಲಿ, ಡಬ್ಬಗಳನ್ನೂ ಸುಡಲು ಕಳಿಸುವುದು ಬೇಡ. ಸುಟ್ಟು ಪಡೆಯುವ ಕರೆಂಟಿಗಿಂತ ಅವನ್ನು ಮತ್ತೆ ಬಳಸಿದರೆ ಉಳಿಯುವ ಶಕ್ತಿಯೇ ಸಾಮಾನ್ಯವಾಗಿ ಜಾಸ್ತಿ. ಪ್ಲಾಸ್ಟಿಕ್ ಸುಟ್ಟರೆ ಪೆಟ್ರೋಲಿಯಂ ಸುಟ್ಟ ಹಾಗೆಯೇ. ಬೇರೆ ಯಾವ ಕೆಲಸಕ್ಕೂ ಬರದ ಒಣ ಕಸ ಮಾತ್ರ ಒಲೆಗೆ ಹೋಗಲಿ.

ಮನೆ 14
ಹಾಗಾದರೆ ಭಾನುವಾರ ಬೆಳಿಗ್ಗೆ 9ಕ್ಕೆ ಮೂಲೆಯಲ್ಲಿ ಸೇರೋಣ. ರಾಶಿ ತೆಗೆಯೋಣ, ಗೊಬ್ಬರದ ಗುಂಡಿಗೆ ಜಾಗ ಗುರುತು ಮಾಡೋಣ, ಪತ್ರಕ್ಕೆ ಸಹಿ ಹಾಕೋಣ. ಗುದ್ದಲಿ ಇದ್ದವರು ತನ್ನಿ.

ಮನೆ 21
ಗುದ್ದಲಿ ಎರಡಿದೆ. ತಕ್ಕಡಿಯನ್ನೂ ತರುತ್ತೇನೆ.