ಹುಡುಗಿ ನೋಡೋಕೆ ಹೋದ್ವಿ, ಎತ್ತು ನೋಡೋಕೆ ಹೋದ್ವಿ

ಸಿಂಧನೂರು ಶಾಂತಾ:
ನಾವು ಪ್ರೀತಿಸುವ ಮನುಷ್ಯರಿಗೆ, ಮನೋವಿಶ್ಲೇಷಣೆ ಶುರು ಮಾಡಿದ ವಿಯೆನ್ನಾದ ಡಾಕ್ಟರ್ ಫ್ರಾಯ್ಡ್ ಕಡೆಯವರು 'ಆಬ್ಜೆಕ್ಟ್' ಅಂತಾರೆ. ಅಂದ್ರೆ ವಸ್ತು! ಹೋದ ವಾರ ನಮ್ಮ ಅತ್ತೆ ಮನೆಗೆ ಹುಡುಗಿ ನೋಡೋಕೆ ಬಂದಿದ್ದರು. ಮಂಡಾಳ ಒಗ್ಗರಣೆ, ಮಿರ್ಚಿ ತಟ್ಟೆಯಲ್ಲೇ ಆರಿತು. ಹುಡುಗನ ತಾಯಿ 'ಸ್ವಲ್ಪ ನಡೆದು ತೋರಿಸಮ್ಮ' ಅಂದರು. ಅವಳು ಬಾಗಿಲಿಂದ ತುಳಸಿಕಟ್ಟೆವರೆಗೆ ನಡೆದಳು. ಆಮೇಲೆ ಸೀರೆ ಅಂಚು ನಾಲ್ಕು ಬೆರಳು ಎತ್ತಿಸಿ ಪಾದ ನೋಡಿದರು. ಪ್ರೀತಿಗೂ ಇದೇ ಪದ ಬಳಸೋ ಶಾಸ್ತ್ರ ನಮಗೆ ಬೇಕಾ?

ರಾಯಚೂರು ಮಾಸ್ತರ:
ತಂಗಿ, 'ವಸ್ತು' ಅಂದದ್ದೇ ತಪ್ಪು. 1905ರಲ್ಲಿ ಫ್ರಾಯ್ಡ್ ಹೇಳಿದ್ದು ಇಷ್ಟೇ: ನಮ್ಮ ಸೆಳೆತ ಯಾರ ಕಡೆಗೋ ಅವರು ಆಬ್ಜೆಕ್ಟ್. ವ್ಯಾಕರಣದಲ್ಲಿ 'ಕರ್ಮ' ಅಂತೀವಲ್ಲ, ಹಾಗೆ. 'ತಾಯಿ ಮಗುವನ್ನು ಮುದ್ದಿಸಿದಳು.' ಇಲ್ಲಿ 'ಮಗುವನ್ನು' ಕರ್ಮಪದ. ಅಷ್ಟಕ್ಕೇ ಮಗು ವಸ್ತು ಆಯ್ತಾ?

ಬಳ್ಳಾರಿ ಜೀನ್ಸ್:
ಕರ್ಮ! ಲವ್ ಮಾಡಿ ಹುಡುಗಿಯ ಅಣ್ಣನ ಕೈಗೆ ಸಿಕ್ಕವರನ್ನು ಕೇಳಿ ಸರ, ಕರ್ಮ ಅಂದ್ರೆ ಏನಂತ.

ಕೊಪ್ಪಳ ಕೋಟೆ:
'ಮಗು' ಅಂದ್ರಲ್ಲ ಸರ, ವಿಷಯ ಅಲ್ಲೇ ಇದೆ. ಫ್ರಾಯ್ಡ್ ನಂತರ ಮಕ್ಕಳ ಮನಸ್ಸು ಓದಿದ ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಪ್ರಕಾರ ಕೂಸಿಗೆ ಮೊದಲು ಇಡೀ ತಾಯಿ ಕಾಣೋದಿಲ್ಲ. ಹಾಲು ಕೊಟ್ಟ ಮೊಲೆ ಒಳ್ಳೇದು, ಕೊಡದ ಮೊಲೆ ಕೆಟ್ಟದ್ದು. ಎರಡೂ ಒಬ್ಬಳದೇ ಅಂತ ಗೊತ್ತಾದಾಗ ಕೂಸಿಗೆ ಅಳುಕು ಹುಟ್ಟುತ್ತೆ, ನಾನು ಸಿಟ್ಟು ಮಾಡಿದ್ದು ಇವಳ ಮೇಲೇನಾ ಅಂತ. ಇಡೀ ಮನುಷ್ಯರನ್ನು ಪ್ರೀತಿಸೋದು ಅಲ್ಲಿಂದ ಶುರು. ಆ ಹುಡುಗನ ತಾಯಿ ಪಾದ ನೋಡಿದರು, ನಡಿಗೆ ನೋಡಿದರು. ಮುಗೀತು.

ಬಳ್ಳಾರಿ ಜೀನ್ಸ್:
ನಮ್ಮ ಯೂನಿಟ್‌ನಲ್ಲೂ ಒಬ್ಬ ಜೇಬು ಮಾತ್ರ ಹೊಲೀತಾನೆ, ಒಬ್ಬ ಜಿಪ್ ಮಾತ್ರ. ಪೀಸ್ ಲೆಕ್ಕದಲ್ಲಿ ದುಡ್ಡು. ಅದಕ್ಕೆ ಯಾರೂ ಅಳೋದಿಲ್ಲ. ಮದುವೆ ಅಂದ್ಮೇಲೆ ನೋಡಬೇಕಲ್ವಾ?

ಸಿಂಧನೂರು ಶಾಂತಾ:
'ಪೀಸ್' ಅಂದ್ರಲ್ಲ, ಬಸ್ ಸ್ಟ್ಯಾಂಡಲ್ಲಿ ನಮಗೂ ಹಾಗೇ ಅಂತಾರೆ. ಸಲೀಸಾಗಿ ಬಂತು ನೋಡಿ ಬಾಯಿಗೆ.

ಬಳ್ಳಾರಿ ಜೀನ್ಸ್:
ಪ್ಯಾಂಟಿಗೆ ಅಂದೆ ಅಕ್ಕ! ಮಾತು ತಿರುಗಿಸಬೇಡಿ.

ಗಂಗಾವತಿ ಭತ್ತ:
ಹೆಣ್ಣನ್ನು ದೇವತೆ ಅನ್ನೋ ನಾಡು ಇದು. ಇಲ್ಲಿ ವಸ್ತು ಎಲ್ಲಿಂದ ಬಂತು? ವಿಯೆನ್ನಾದ ದುಡ್ಡಿದ್ದವರ ರೋಗ ನಮಗ್ಯಾಕೆ?

ಕೊಪ್ಪಳ ಕೋಟೆ:
'ದೇವತೆ' ಅಂದ್ರಲ್ಲ, 1912ರಲ್ಲಿ ಫ್ರಾಯ್ಡ್ ಬರೆದದ್ದು ಅದನ್ನೇ. ಕೆಲವು ಗಂಡಸರಿಗೆ ಪ್ರೀತಿ ಇರೋ ಕಡೆ ಆಸೆ ಹುಟ್ಟಲ್ಲ, ಆಸೆ ಇರೋ ಕಡೆ ಪ್ರೀತಿ ಹುಟ್ಟಲ್ಲ. ಒಬ್ಬಳನ್ನು ಮೇಲೆ ಕೂರಿಸ್ತಾರೆ, ಇನ್ನೊಬ್ಬಳನ್ನು ಕೀಳು ಮಾಡ್ತಾರೆ. ಮತ್ತೆ ಇದು ಬರೀ ವಿಯೆನ್ನಾ ಅಲ್ಲ. 1922ರಲ್ಲೇ ಗಿರೀಂದ್ರಶೇಖರ ಬೋಸ್ ಕಲ್ಕತ್ತಾದಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದರು. ಫ್ರಾಯ್ಡ್ ಜೊತೆ ಪತ್ರದಲ್ಲೇ ವಾದ ಹಾಕಿದರು.

ಗಂಗಾವತಿ ಭತ್ತ:
ಕಲ್ಕತ್ತಾ ಏನು ಗಂಗಾವತಿ ಪಕ್ಕದಲ್ಲಿದೆಯಾ?

ಸಿಂಧನೂರು ಶಾಂತಾ:
ಮಾಸ್ತರೇ, 'ಮಗುವನ್ನು' ಅಂತ ಬರೆದಿರಿ, ಸರಿ. ಈಗ ಇದು ಹೇಳಿ. 'ಹೊಲ ನೋಡೋಕೆ ಹೋದ್ವಿ', 'ಎತ್ತು ನೋಡೋಕೆ ಹೋದ್ವಿ.' ಇಲ್ಲಿ 'ಅನ್ನು' ಬೇಕಿಲ್ಲ. 'ಮಾಸ್ತರ ನೋಡೋಕೆ ಹೋದೆ' ಅಂದ್ರೆ ಮಾತ್ರ ಕಿವಿಗೆ ಚುಚ್ಚುತ್ತೆ, 'ಮಾಸ್ತರನ್ನು' ಅನ್ನಲೇಬೇಕು. ಆದ್ರೆ 'ಹುಡುಗಿ ನೋಡೋಕೆ' ಅಂತ ನಾನೇ ಮೇಲೆ ಬರೆದೆ, ಯಾರಿಗೂ ಚುಚ್ಚಲಿಲ್ಲ. ಹುಡುಗಿ ಎತ್ತಿನ ಸಾಲಿಗೆ ಸೇರಿದ್ದು ಯಾವಾಗ?

ರಾಯಚೂರು ಮಾಸ್ತರ:
ಅದು ಪ್ರತ್ಯಯ ಲೋಪ, ಆಡುಮಾತಿನಲ್ಲಿ ಸಹಜ. ಇಂಥವರೇ ಅಂತ ಗೊತ್ತಿಲ್ಲದಾಗ ಬಿಡ್ತೀವಿ. 'ಕೊಯ್ಲಿಗೆ ಆಳು ಹುಡುಕ್ತಿದ್ದೀನಿ' ಅನ್ನಲ್ವಾ? ಆಳು ಮನುಷ್ಯನೇ.

ಸಿಂಧನೂರು ಶಾಂತಾ:
'ಆಳು' ಅಂದ್ರಲ್ಲ, ನನ್ನ ಕೆಲಸ ನೀವೇ ಮಾಡಿಕೊಟ್ಟಿರಿ. ಆಳನ್ನು ಎಣಿಸ್ತೀರಿ, ಹೆಸರು ಕೇಳ್ತೀರಾ?

ರಾಯಚೂರು ಮಾಸ್ತರ:
ಮೂವತ್ತು ವರ್ಷ ವ್ಯಾಕರಣ ಕಲಿಸಿದ್ದೀನಮ್ಮ. ವಿಭಕ್ತಿಗೆ ಮನಸ್ಸಿನ ರೋಗ ಅಂಟಿಸಬೇಡಿ.

ಬಳ್ಳಾರಿ ಜೀನ್ಸ್:
'ಗಂಡು ನೋಡೋಕೆ ಹೋದ್ವಿ' ಅಂತಾನೂ ಅಂತಾರೆ. ಅಲ್ಲೂ 'ಅನ್ನು' ಇಲ್ಲ. ಎಡದಂಡೆ ಕಾಲುವೆ ನೀರು ಎಷ್ಟು ಎಕರೆಗೆ ಬರುತ್ತೆ, ನೌಕರಿ ಗೌರ್ಮೆಂಟಾ ಅಂತ ಕೇಳ್ತಾರೆ. ನನ್ನನ್ನು ಮೂರು ಮನೆಯವರು 'ಬರೀ ಜೀನ್ಸ್ ಹೊಲಿಸೋನು' ಅಂತ ಬಿಟ್ಟರು. ಒಬ್ಬರೂ ಮುಖ ಎತ್ತಿ ಮಾತಾಡಿಸಲಿಲ್ಲ. ನಾನ್ಯಾವ ವಸ್ತು?

ಕೊಪ್ಪಳ ಕೋಟೆ:
ನಿಮ್ಮ ಮಾತನ್ನೇ ಮನೋವಿಶ್ಲೇಷಕ ಎರಿಕ್ ಫ್ರಾಮ್ 1956ರಲ್ಲಿ ಬರೆದಿದ್ದಾರೆ. ಸಂತೆಯಲ್ಲಿ ನಮ್ಮ ಬೆಲೆಗೆ ಸಿಗೋ ಒಳ್ಳೇ ಮಾಲು ಸಿಕ್ತು ಅನ್ನಿಸಿದಾಗ ಜನ ಅದನ್ನೇ ಪ್ರೀತಿ ಅಂದ್ಕೊಳ್ತಾರೆ. ಲವ್ ಮ್ಯಾರೇಜ್‌ನವರೂ ಸೇರಿ.

ಗಂಗಾವತಿ ಭತ್ತ:
'ಸಂತೆ' ಅಂದ್ರಲ್ಲ, ಸಂತೆಯಲ್ಲಿ ನೋಡದೆ ಯಾರಾದ್ರೂ ತಗೋತಾರಾ? ನಾವು ಹೇಳಿದ್ದೂ ಅದೇ. ಗೆದ್ದೆವು.

ಕೊಪ್ಪಳ ಕೋಟೆ:
ಓದೋಕೆ ಬರುತ್ತಾ ನಿಮಗೆ?

ರಾಯಚೂರು ಮಾಸ್ತರ:
ಮರ್ಯಾದೆ ಇರಲಿ. ಕರ್ಮಪದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಬಳ್ಳಾರಿ ಜೀನ್ಸ್:
ಅದಿರಲಿ. ಶಾಂತಕ್ಕ, ಆ ಸಂಬಂಧ ಕುದುರಿತಾ?

ಸಿಂಧನೂರು ಶಾಂತಾ:
ಇಲ್ಲ. ಅವರು ಫೋನ್ ಮಾಡೋ ಮೊದಲೇ ಅವಳೇ ಬೇಡ ಅಂದಳು. ಯಾಕೆ?

ಬಳ್ಳಾರಿ ಜೀನ್ಸ್:
ಸುಮ್ನೆ ಕೇಳಿದೆ. ನನಗೂ ಮನೇಲಿ ಕನ್ಯಾ ನೋಡ್ತಿದ್ದಾರೆ.

ಸಿಂಧನೂರು ಶಾಂತಾ:
ಮೊದಲು 'ಕನ್ಯಾನ' ಅನ್ನೋದು ಕಲೀರಿ.

ರಾಯಚೂರು ಮಾಸ್ತರ:
'ಕನ್ಯೆಯನ್ನು' ಆಗಬೇಕು.